ತುಂಬಿಸಿಟ್ಟ ಗಾಳಿ

ನಾಲ್ಕನೆಯ ಪ್ರಶ್ನೆಗೆ ಎಲ್ಲರೂ ಸುಳ್ಳು ಹೇಳುತ್ತಾರೆ. ಹೆಬ್ಬಾಳದ ಮೇಲ್ಸೇತುವೆಗೆ ಮುಖ ಮಾಡಿದ ಕಟ್ಟಡದ ಮೂರನೆಯ ಮಹಡಿಯಲ್ಲಿ ಕೂತು, ಕೆಟ್ಟುಹೋದ ನೀರಿನ ಫಿಲ್ಟರುಗಳ ಬಗ್ಗೆ ಜನ ಮಾಡುವ ಫೋನುಗಳನ್ನು ಹನ್ನೊಂದು ವರ್ಷದಿಂದ ಎತ್ತುತ್ತಿದ್ದ ನಾಗಭೂಷಣನಿಗೆ ಇದರಲ್ಲಿ ಸಂಶಯವೇ ಇರಲಿಲ್ಲ. ಮೊದಲ ಮೂರಕ್ಕೆ ಜನ ನಿಜವನ್ನೇ ಹೇಳುತ್ತಾರೆ: ಪ್ಲಗ್ ಹಾಕಿದೆ, ನಲ್ಲಿ ತೆರೆದಿದೆ, ದೀಪ ಕೆಂಪಗಿದೆ. ಆಮೇಲೆ ಅವನು ದನಿಯನ್ನು ಸ್ವಲ್ಪ ತಗ್ಗಿಸಿ, ಎದುರಿಗೆ ಅಂಟಿಸಿದ ಹಾಳೆಯಲ್ಲಿರುವಂತೆಯೇ ಕೇಳುತ್ತಾನೆ: ‘ಇದನ್ನ ನೀವಾಗಲಿ ಮನೆಯವರಾಗಲಿ ಬಿಚ್ಚಿದ್ರಾ?’ ಆಗ ಆ ಕಡೆ ಒಂದು ಗಳಿಗೆ ಏನೂ ಕೇಳಿಸುವುದಿಲ್ಲ. ಒಮ್ಮೊಮ್ಮೆ ಸ್ಕ್ರೂಡ್ರೈವರನ್ನು ಅಡುಗೆಕಟ್ಟೆಯ ಮೇಲೆ ಮೆಲ್ಲಗೆ ಇಡುವ ಸದ್ದು. ಆಮೇಲೆ, ‘ಇಲ್ಲ ಸಾರ್, ಮುಟ್ಟೇ ಇಲ್ಲ.’ ಅವನು ‘ಓಕೆ ಸರ್’ ಎನ್ನುತ್ತಾ ಕಂಪ್ಯೂಟರಿನಲ್ಲಿ ‘ಬಿಚ್ಚಿದ್ದಾರೆ’ ಎಂಬ ಚೌಕಕ್ಕೆ ಗುರುತು ಹಾಕುತ್ತಾನೆ.

ಈ ಶುಕ್ರವಾರ ಬೆಳಿಗ್ಗೆ ಅವನು ಲಿಫ್ಟಿನ ಪಕ್ಕದ ಮೆಟ್ಟಿಲ ಮೇಲೆ, ಕಿಟಕಿಗೆ ಮುಖ ಮಾಡಿ ನಿಂತು, ಮಗಳು ಶೂಟಿಂಗ್ ಅಭ್ಯಾಸ ಮಾಡುವ ಏರ್ ಪಿಸ್ತೂಲಿನ ಕಂಪನಿಯ ಸಹಾಯವಾಣಿಗೆ ತಾನೇ ಫೋನು ಮಾಡಿದ. ಹಾಡು ಮುಗಿದು ಒಬ್ಬ ಹುಡುಗಿಯ ದನಿ ಬಂತು. ಪಿಸ್ತೂಲು ಕೊಂಡು ಎಷ್ಟು ದಿನ ಆಯಿತು, ಮೂವತ್ತೆಂಟು. ಏನು ತೊಂದರೆ ಸರ್, ಗುಂಡು ಕೆಳಗೆ ಬೀಳ್ತಿದೆ ಮೇಡಂ, ಸದ್ದೂ ಬದಲಾಗಿದೆ, ಮೊದಲು ಚಟ್ ಅಂತಿತ್ತು, ಈಗ ಯಾರೋ ಬೇಜಾರಾಗಿ ಉಸಿರು ಬಿಟ್ಟ ಹಾಗೆ. ಎಣ್ಣೆ ಏನಾದರೂ ಬಿಟ್ಟಿದ್ರಾ, ಒಂದು ಹನಿಯೂ ಬಿಟ್ಟಿಲ್ಲ. ಆಮೇಲೆ ಅವಳು ದನಿಯನ್ನು ಸ್ವಲ್ಪ ತಗ್ಗಿಸಿದಳು. ನಾಲ್ಕನೆಯ ಪ್ರಶ್ನೆ ಬರುತ್ತಿದೆ ಎಂದು ಅವನಿಗೆ ಗೊತ್ತಾಯಿತು.

‘ಸರ್, ಗಾಳಿ ತುಂಬಿಸಿ, ಶೂಟ್ ಮಾಡದೆ ಹಾಗೇ ಬಾಕ್ಸಲ್ಲಿ ಇಟ್ಟಿದ್ರಾ?’

ಕೆಳಗೆ ಮೇಲ್ಸೇತುವೆಯ ಮೇಲೆ ವಿಮಾನ ನಿಲ್ದಾಣದ ಬಸ್ಸೊಂದು ಸದ್ದಿಲ್ಲದೆ ಬಾಗಿಕೊಂಡು ಹೋಯಿತು. ತಾನು ಬಿಟ್ಟ ಮೌನ ಎಷ್ಟು ಉದ್ದವಾಯಿತು ಎಂದು ಅವನು ಒಳಗೇ ಎಣಿಸಿದ. ಎರಡು ಸೆಕೆಂಡು. ಹೆಚ್ಚಾಯಿತು.

‘ಇಲ್ಲ ಮೇಡಂ.’

‘ಓಕೆ ಸರ್,’ ಎಂದಳು ಅವಳು, ಅವನದೇ ದನಿಯಲ್ಲಿ. ‘ನಿಮ್ಮ ತೊಂದರೆ ನಮಗೆ ಅರ್ಥವಾಗತ್ತೆ. ಕಂಪನಿಗೆ ಕಳಿಸಿಕೊಡಿ, ಹದಿನೈದು ವರ್ಕಿಂಗ್ ಡೇಸ್ ಆಗತ್ತೆ.’

ನಾಡಿದ್ದು ಭಾನುವಾರವೇ ಯಲಹಂಕದಲ್ಲಿ ಇಂದುವಿನ ಶೂಟಿಂಗ್ ಆಯ್ಕೆ ಪಂದ್ಯ. ಹದಿನೈದು ವರ್ಷದ ಮಗಳು ಇವತ್ತು ಬೆಳಿಗ್ಗೆ ದೋಸೆಯ ತಟ್ಟೆಯಿಂದ ತಲೆ ಎತ್ತದೆ, ‘ನಾನು ಹೋಗಲ್ಲ ಅಪ್ಪ, ನನ್ನ ಕೈಯೇ ಸರಿ ಇಲ್ಲ’ ಎಂದಿದ್ದಳು. ತನ್ನ ಬಲಗೈಯನ್ನು ಮೇಜಿನ ಮೇಲೆ ಬೇರೆ ಯಾರದೋ ಸಾಮಾನಿನ ಹಾಗೆ ಇಟ್ಟುಕೊಂಡು ನೋಡುತ್ತಿದ್ದಳು. ಗುರಿ ತಪ್ಪಲು ಶುರುವಾದ ಈ ಹತ್ತು ದಿನದಲ್ಲಿ ಆ ಕೈಗೆ ಏನೇನು ಆಗಿಲ್ಲ. ಟಿವಿ ನೋಡುವಾಗಲೂ ನೀರು ತುಂಬಿದ ಬಾಟಲಿಯನ್ನು ಚಾಚಿ ಹಿಡಿದೇ ಕೂರುತ್ತಿದ್ದಳು. ನರ್ಸ್ ಆಗಿದ್ದ ತಾಯಿ ಪಾಳಿ ಮುಗಿಸಿ ಬಂದವಳು ಆ ಕೈಗೆ ಕ್ರೇಪ್ ಬ್ಯಾಂಡೇಜು ಸುತ್ತುತ್ತಿದ್ದಳು, ಅಜ್ಜಿ ಅದನ್ನು ಬಿಚ್ಚಿ ಬಿಸಿ ಹರಳೆಣ್ಣೆ ತಿಕ್ಕುತ್ತಿದ್ದಳು. ಮಂಗಳವಾರ ಅಜ್ಜಿ ಉಪ್ಪು ಮೆಣಸಿನಕಾಯಿ ಹಿಡಿದು, ಮೊಮ್ಮಗಳಿಗಲ್ಲದೆ ಆ ಕೈಯೊಂದಕ್ಕೇ ದೃಷ್ಟಿ ನಿವಾಳಿಸಿದ್ದಳು. ಕೈಯನ್ನು ಮಾತ್ರ ಬಾಗಿಲ ಆಚೆಗೆ ಚಾಚಿಸಿ, ಹುಡುಗಿಯನ್ನು ಒಳಗೇ ನಿಲ್ಲಿಸಿ. ಪಿಸ್ತೂಲು ಕೆಟ್ಟಿರಬಹುದು ಎಂದು ಇಂದುವಿಗೆ ಹೊಳೆಯಲೇ ಇಲ್ಲ, ಯಾಕೆಂದರೆ ಕೋಚ್ ಸಂಗಪ್ಪನವರು ಮೊದಲ ದಿನ ಹೇಳಿಕೊಟ್ಟ ಮೊದಲ ಪಾಠವೇ ಆಯುಧದ ಮೇಲೆ ತಪ್ಪು ಹಾಕಬಾರದು ಎನ್ನುವುದು. ಮೊನ್ನೆ ಗುಂಡೊಂದು ಗುರಿಯ ಕಾಗದಕ್ಕೆ ತಾಕಿ, ಅದನ್ನು ಹರಿಯಲೂ ಆಗದೆ ವಾಪಸು ನೆಲಕ್ಕೆ ಬಿತ್ತಂತೆ. ಸಂಗಪ್ಪ ಅದನ್ನು ಹೆಕ್ಕಿ ಅವಳ ಅಂಗೈಯಲ್ಲಿಟ್ಟು, ‘ಮನಸ್ಸು ಎಲ್ಲಿ ಇಟ್ಟೀದೀ ತಂಗಿ?’ ಎಂದರಂತೆ.

ಮನಸ್ಸು ಎಲ್ಲಿಟ್ಟಿದ್ದಳೋ, ಪಿಸ್ತೂಲನ್ನು ಮಾತ್ರ ಬೀರುವಿನಲ್ಲಿ ಇಟ್ಟಿದ್ದರು. ಒಣಗಿದ, ತಂಪಾದ, ಬೀಗವಿರುವ ಜಾಗದಲ್ಲಿ ಇತರರ ಕೈಗೆ ಸಿಗದಂತೆ ಇಡಬೇಕು ಎಂದು ಪೆಟ್ಟಿಗೆಯ ಜೊತೆ ಬಂದ ಪುಸ್ತಕದಲ್ಲಿತ್ತು. ಅದನ್ನು ಓದಿದ ದಿನ ನಾಗಭೂಷಣ ಸಂಜಯನಗರದ ಆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಪಿಸ್ತೂಲು ಹಿಡಿದು ಅಡ್ಡಾಡಿದ್ದ. ಅಟ್ಟದ ಮೇಲೆ ಒಣಗಿತ್ತು, ತಂಪಿರಲಿಲ್ಲ. ಮಂಚದ ಕೆಳಗೆ ತಂಪಿತ್ತು, ಬೀಗವಿರಲಿಲ್ಲ. ಇತರರ ಕೈಗೆ ಸಿಗದ ಜಾಗವೆಂಬುದು ಈ ಮನೆಯಲ್ಲಿ ಒಂದೂ ಇಲ್ಲ ಎಂದು ನಲವತ್ತನಾಲ್ಕು ವರ್ಷದವನಿಗೆ ಅವತ್ತು ಮೊದಲ ಬಾರಿ ತಿಳಿಯಿತು; ತನ್ನದೇ ಎಂದು ಮುಚ್ಚಿಡಲು ಈವರೆಗೆ ಅವನ ಬಳಿ ಏನೂ ಇರಲಿಲ್ಲ. ಬೀಗವಿದ್ದದ್ದು ಬೀರು ಒಂದಕ್ಕೇ, ಅದರ ಕೀ ಅವನ ತಾಯಿ ಮುನಿಯಲ್ಲಮ್ಮನ ಸೆರಗಿನ ಗಂಟಿನಲ್ಲಿ.

‘ಏನ್ಲಾ ಅದು?’

‘ಆಟದ ಸಾಮಾನು ಕಣಮ್ಮ. ಇಂದೂದು.’

‘ಆಟದ ಸಾಮಾನಿಗೆ ಬೀಗ ಯಾಕ್ಲಾ?’

ಹೀಗೆ ಪಿಸ್ತೂಲು ಅವಳ ಧಾರೆಸೀರೆಗೂ ಗಂಡನ ಮರಣಪತ್ರಕ್ಕೂ ನಡುವೆ ಹೋಗಿ ಕೂತಿತು. ಅವಳು ಪೆಟ್ಟಿಗೆಯ ಒಳಗೆ ಮೂರು ನುಸಿಗುಳಿಗೆ ಹಾಕಿದಳು. ಶುಕ್ರವಾರ ಬಂದಾಗ ಮುಚ್ಚಳಕ್ಕೆ ಕುಂಕುಮ ಇಟ್ಟಳು. ಇಂದುವಿಗೆ ಅಭ್ಯಾಸವಿದ್ದ ದಿನ ಕೀ ಬಿಚ್ಚಿಕೊಡುವಾಗ, ‘ಆ ಪೂರ್ವಕ್ಕೆ ಮಕ ಮಾಡ್ಕಂಡು ಒಡಿ’ ಎಂದು ಹೇಳಿಕೊಡುತ್ತಿದ್ದಳು.

ಒಂದು ದಿನ ನಾಗಭೂಷಣನೂ ಆ ಕೀ ಕೇಳಿದ, ಆಧಾರ್ ಕಾರ್ಡಿನ ಜೆರಾಕ್ಸ್ ಬೇಕು ಎಂಬ ನೆಪದಲ್ಲಿ. ಪರೀಕ್ಷೆ ಬಂತೆಂದು ಮಗಳು ಪಿಸ್ತೂಲನ್ನು ಒಳಗಿಟ್ಟ ಮಾರನೆಯ ದಿನ, ಬೆಳಗಿನ ಏಳೂವರೆ. ಅದಕ್ಕೆ ಅರ್ಧ ಗಂಟೆ ಮೊದಲು ಮನೆಯ ಓನರ್ ಮುನಿಕೃಷ್ಣಪ್ಪ ಕೆಳಗಿನಿಂದ, ರಸ್ತೆಯ ಆ ತುದಿಗೂ ಕೇಳಿಸುವಂತೆ ಕೂಗಿದ್ದರು: ‘ಏನ್ರೀ ನಾಗಭೂಷಣಾ, ನಿಮ್ ಮನೆ ಫ್ಲಶ್ಷು ಇಡೀ ರಾತ್ರಿ ಸೋರ್ತೈತಲ್ರೀ! ನೀರಿನ್ ಕಂಪ್ನಿಯೋರ ಮನೇಲೇ ಇಂಗಾದ್ರೆ ಎಂಗೆ?’ ಹಾಲಿನ ಪ್ಯಾಕೆಟ್ಟು ಹಿಡಿದು ನಿಂತಿದ್ದ ಎದುರುಮನೆಯವರು ನಕ್ಕರು. ಯಾರೂ ಕೆಟ್ಟ ನಗು ನಗಲಿಲ್ಲ. ಅದೇ ಅವನನ್ನು ಸುಟ್ಟಿತು. ಇವನೂ ಬಾಲ್ಕನಿಯಲ್ಲಿ ನಿಂತು ಅವರ ಜೊತೆ ನಕ್ಕಿದ್ದ. ಆ ನಗುವನ್ನು ಮುಖದಿಂದ ತೆಗೆಯುವುದು ಹೇಗೆಂದು ತಿಳಿಯದೆ ಒಳಗೆ ಬಂದು, ಹಲ್ಲುಜ್ಜುವಾಗಲೂ ಕನ್ನಡಿಯಲ್ಲಿ ಅದೇ ನಗುವನ್ನು ಕಂಡಿದ್ದ. ಫ್ಲಶ್ಷು ಮೊದಲು ಸೋರುತ್ತಿರಲಿಲ್ಲ. ನಾಗಭೂಷಣನ ಮನೆಯವರೆಲ್ಲ ಚಿಕ್ಕಬಾಣಾವರಕ್ಕೆ ನಾಮಕರಣಕ್ಕೆಂದು ಹೋಗಿ, ಓನರಿಗೆ ಮನೆಯ ಕೀ ಕೊಟ್ಟು, ಎರಡು ದಿನ ಬಿಟ್ಟು ಬಂದಮೇಲೆ ಶುರುವಾದದ್ದು. ಇದನ್ನೆಲ್ಲ ಬಾಲ್ಕನಿಯಿಂದ ಹೇಗೆ ಕೂಗಿ ಹೇಳುವುದು?

ಕಿಟಕಿಯ ಕೆಳಗೆ ಮುನಿಕೃಷ್ಣಪ್ಪ ಪೈಪು ಹಿಡಿದು ದಾಸವಾಳದ ಗಿಡಕ್ಕೂ, ಅದಾದ ಮೇಲೆ ರಸ್ತೆಗೂ ನೀರು ಬಿಡುತ್ತಿದ್ದರು. ಒಂದು ಕಾಲಕ್ಕೆ ಈ ಬೀದಿಯೆಲ್ಲ ಅವರ ರಾಗಿ ಹೊಲವಾಗಿತ್ತಂತೆ. ಡಾಂಬರಿಗೆ ನೀರು ಬಿಡುವಾಗಲೂ ಅವರ ನಿಲುವಿನಲ್ಲಿ ಏನೋ ಬೆಳೆಯಬಹುದೆಂಬ ತಾಳ್ಮೆ ಇತ್ತು. ಪಟ್ಟೆಪಟ್ಟೆ ಲುಂಗಿ, ತೋಳಿಲ್ಲದ ಬನೀನು. ನಾಗಭೂಷಣ ಬೀರುವಿನಿಂದ ಪಿಸ್ತೂಲನ್ನು ತೆಗೆದು, ಮಗಳು ಮಾಡುವುದನ್ನು ನೋಡಿದ್ದಂತೆ ಗಾಳಿ ತುಂಬುವ ಸನ್ನೆಗೋಲನ್ನು ಎತ್ತಿ, ಬಲ ಹಾಕಿ ಮುಚ್ಚಿದ. ಒಳಗೆ ಗಾಳಿ ಬಿಗಿಯಾಗಿ ಕೂತದ್ದು ಅಂಗೈಗೆ ತಿಳಿಯಿತು. ಗುಂಡು ಹಾಕಿರಲಿಲ್ಲ. ಆಮೇಲಿನ ದಿನಗಳಲ್ಲಿ ಇದನ್ನು ಅವನು ಹಲವು ಸಲ ತನಗೆ ತಾನೇ ಹೇಳಿಕೊಂಡ, ಹೇಳಿಕೊಂಡಷ್ಟೂ ಅದು ಒಂದು ನೆಪದ ಹಾಗೆ ಕೇಳಿಸಿತು. ಎರಡೂ ಕೈಯಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದಾಗ, ಮುನಿಕೃಷ್ಣಪ್ಪನವರ ಬನೀನಿನ ಎಡಗಡೆ, ಎದೆಯ ಹತ್ತಿರ, ಒಂದು ರೂಪಾಯಿ ನಾಣ್ಯದಷ್ಟು ತೂತು ಕಂಡಿತು. ಅದರ ಸುತ್ತ ಬಟ್ಟೆ ಸವೆದು ಇನ್ನೊಂದು ಸುತ್ತು, ಅದರಾಚೆ ಬೆವರಿನ ಒದ್ದೆಯ ಮತ್ತೊಂದು ಸುತ್ತು. ಯಾರೋ ಅಳತೆ ಮಾಡಿ ಬರೆದಿಟ್ಟ ಹಾಗೆ. ಆ ತೂತನ್ನು ನೋಡುತ್ತಾ ಅವನಿಗೆ ಒಂದು ಸಮಾಧಾನ ಬಂತು, ಈ ಜಗತ್ತಿನಲ್ಲಿ ಅವನೊಬ್ಬನಿಗೇ ಗೊತ್ತಿರುವ ಸಂಗತಿಯೊಂದು ಸಿಕ್ಕ ಹಾಗೆ. ಆಗ ಹಿಂದಿನಿಂದ ತಾಯಿಯ ಹೆಜ್ಜೆ. ‘ಆಧಾರು ಸಿಕ್ತೇನ್ಲಾ?’ ಅವನು ಪಿಸ್ತೂಲನ್ನು ಪೆಟ್ಟಿಗೆಗೆ ತುರುಕಿ, ಪೆಟ್ಟಿಗೆಯನ್ನು ಬೀರುವಿಗೆ ತುರುಕಿ, ಬೀಗ ಹಾಕಿ, ಕೀಯನ್ನು ಅವಳ ಕೈಗಿಟ್ಟ. ಒಳಗಿನ ಗಾಳಿ ಒಳಗೇ ಉಳಿಯಿತು. ಹತ್ತೊಂಬತ್ತು ದಿನ ನುಸಿಗುಳಿಗೆಯ ವಾಸನೆಯಲ್ಲಿ ಉಸಿರು ಬಿಗಿಹಿಡಿದು, ಎಲ್ಲಿಂದಲೋ ಎಳೆ ಎಳೆಯಾಗಿ ಸೋರಿ, ಮಗಳು ಪರೀಕ್ಷೆ ಮುಗಿಸಿ ಪೆಟ್ಟಿಗೆ ತೆರೆಯುವ ಹೊತ್ತಿಗೆ ಏನೂ ಆಗಿಲ್ಲವೆಂಬಂತೆ ಖಾಲಿಯಾಗಿತ್ತು.

ಅರ್ಧ ದಿನದ ರಜೆ ಬರೆದು ಅವನು ಹೆಬ್ಬಾಳದಿಂದ ಆರ್.ಟಿ. ನಗರದ ಬಸ್ಸು ಹತ್ತಿದ. ಪಿಸ್ತೂಲು ಊಟದ ಬ್ಯಾಗಿನಲ್ಲಿ, ಮೊಸರನ್ನದ ಡಬ್ಬಿಯ ಕೆಳಗಿತ್ತು. ಬೆಳಿಗ್ಗೆಯೇ, ಸಹಾಯವಾಣಿಯ ಮೇಲೆ ನಂಬಿಕೆಯಿಲ್ಲದೆ, ಎತ್ತಿಕೊಂಡು ಬಂದಿದ್ದ. ಅದು ಗುರಿಯಿಟ್ಟಿರುವುದು ಮೊಸರನ್ನಕ್ಕೋ ತನ್ನ ತೊಡೆಗೋ ಎಂದು ದಾರಿಯುದ್ದಕ್ಕೂ ಯೋಚಿಸಿದ. ಆರ್.ಟಿ. ನಗರದಲ್ಲಿ ಕುಕ್ಕರು, ಮಿಕ್ಸಿ, ಗ್ಯಾಸ್ ಒಲೆ ರಿಪೇರಿ ಮಾಡುವ ಖುದ್ದೂಸ್ ಎಂಬುವವರ ಅಂಗಡಿ ಇತ್ತು. ಫಿಲ್ಟರನ್ನು ತಾವೇ ಬಿಚ್ಚಿ ಹಾಳು ಮಾಡಿಕೊಂಡು ಬಿಚ್ಚಿಲ್ಲ ಎನ್ನುವವರಿಗೆ ನಾಗಭೂಷಣ ಗುಟ್ಟಾಗಿ ಈ ವಿಳಾಸವನ್ನೇ ಕೊಡುತ್ತಿದ್ದ. ಎಷ್ಟೋ ವರ್ಷದಿಂದ ಜನರನ್ನು ಕಳಿಸಿದ್ದರೂ, ಫೋನಿನಲ್ಲಿ ಮಾತಾಡಿದ್ದರೂ ಮುಖ ನೋಡಿದ್ದು ಇವತ್ತೇ. ಬಿಳಿ ಗಡ್ಡದ, ದಪ್ಪ ಕನ್ನಡಕದ ಮನುಷ್ಯ, ಸುತ್ತ ಗೋಡೆಯ ತುಂಬಾ ಮೊಳೆಗೆ ನೇತುಹಾಕಿದ ಕುಕ್ಕರಿನ ರಬ್ಬರುಗಳು.

‘ಅರೆ, ಫಿಲ್ಟರ್ ಕಂಪನೀದು ಆವಾಜ್ ನಿಮ್ದೇನಾ ಸಾಬ್?’ ಎಂದು ಖುದ್ದೂಸ್ ಎದ್ದು ಸ್ಟೂಲು ಕೊಟ್ಟರು. ಬ್ಯಾಗಿನಿಂದ ಹೊರಬಂದದ್ದನ್ನು ನೋಡಿ ಕನ್ನಡಕ ಸರಿಮಾಡಿಕೊಂಡರು. ‘ಇದರಲ್ಲಿ ನೀರ್ ಎಲ್ಲಿ ಬರ್ತದೆ?’

ತಮಾಷೆ ಮಾಡಿದ್ದೆಂದು ತಿಳಿದು, ಇದು ಮಗಳದು, ಭಾನುವಾರ ಪಂದ್ಯವಿದೆ ಎಂದು ನಾಗಭೂಷಣ ಹೇಳಿ ಮುಗಿಸುವಷ್ಟರಲ್ಲಿ ಅವರು ಸನ್ನೆಗೋಲು ಎತ್ತಿ ಗಾಳಿ ತುಂಬಿಸಿ, ಗ್ಯಾಸ್ ಸಿಲಿಂಡರಿಗೆ ಮಾಡುವ ಹಾಗೆ ಸಂದುಗಳಿಗೆಲ್ಲ ಸೋಪಿನ ನೊರೆ ಸವರಿದ್ದರು. ಹಿಡಿಯ ಮೇಲ್ಗಡೆ ಒಂದು ಗುಳ್ಳೆ ಎದ್ದಿತು. ದೊಡ್ಡದಾಯಿತು. ಕಾಮನಬಿಲ್ಲಿನ ಬಣ್ಣವೆಲ್ಲ ತಂದುಕೊಂಡು ನಿಧಾನವಾಗಿ ಉಬ್ಬುವ ಆ ಗುಳ್ಳೆಯನ್ನು ಇಬ್ಬರೂ ನೋಡಿದರು. ಅದು ಒಡೆದಾಗ ನಾಗಭೂಷಣ ಕಣ್ಣು ಮುಚ್ಚಿಕೊಂಡ.

‘ಕುಕ್ಕರ್ ಆದ್ರೂ ಇದೇ, ಪಿಸ್ತೂಲ್ ಆದ್ರೂ ಇದೇ. ಒಳಗೆ ಹವಾ, ಸುತ್ತ ರಬ್ಬರ್,’ ಎಂದು ಖುದ್ದೂಸ್ ನಾಲ್ಕು ಸ್ಕ್ರೂ ಬಿಚ್ಚಿ, ಬೆರಳಿನ ಉಗುರಿನಷ್ಟು ಚಿಕ್ಕದೊಂದು ಕಪ್ಪು ರಬ್ಬರ್ ಬಳೆಯನ್ನು ಚಿಮಟದಲ್ಲಿ ಎತ್ತಿ ಬೆಳಕಿಗೆ ಹಿಡಿದರು. ಒಂದು ಪಕ್ಕ ಚಪ್ಪಟೆಯಾಗಿತ್ತು. ಮೂಗಿನ ಹತ್ತಿರ ತಂದು, ‘ಗುಳಿಗೆ ವಾಸನೆ’ ಎಂದರು. ಆಮೇಲೆ ದನಿ ತಗ್ಗಿಸಿದರು. ಇವರಿಗೂ ಹಾಳೆ ಕೊಟ್ಟಿದ್ದಾರೆಯೇ ಎಂದು ನಾಗಭೂಷಣನಿಗೆ ಅನಿಸಿತು.

‘ಹವಾ ತುಂಬ್ಸಿ ಮಡಗಿದ್ರಾ ಸಾಬ್? ಬಹಳ ದಿನ?’

‘ಇಲ್ಲ.’

‘ರಬ್ಬರ್ ಸುಳ್ಳ್ ಹೇಳಲ್ಲ.’

‘ನನ್ನ ತಾಯಿ ಇಟ್ಟಿರ್ಬೇಕು,’ ಎಂದ ನಾಗಭೂಷಣ. ಬಾಯಿಂದ ಹೊರಟ ಮಾತನ್ನು ಕೇಳಿ ಅವನ ಕಿವಿಯೇ ಬಿಸಿಯಾಯಿತು.

‘ಅಮ್ಮಾಜಾನ್‌ಗೆ ವಯಸ್ಸೆಷ್ಟು?’

‘ಎಪ್ಪತ್ತೊಂದು.’

‘ಶೂಟಿಂಗ್ ಮಾಡ್ತಾರಾ?’

‘ಸ್ವಲ್ಪ.’

ಖುದ್ದೂಸ್ ಬಹಳ ಹೊತ್ತು ಅವನನ್ನೇ ನೋಡಿದರು. ಸೀರೆ ಸೊಂಟಕ್ಕೆ ಸಿಕ್ಕಿಸಿಕೊಂಡು, ಕೀ ಗೊಂಚಲು ತೂಗಾಡಿಸುತ್ತಾ, ಕಿಟಕಿಯಲ್ಲಿ ನಿಂತು ಗುರಿಯಿಡುವ ಮುನಿಯಲ್ಲಮ್ಮ ಇಬ್ಬರ ನಡುವೆಯೂ ಒಂದು ಗಳಿಗೆ ಸುಳಿದುಹೋದಳು. ಆಮೇಲೆ ಅವರು ಒಂದು ಹಳೇ ಹಾರ್ಲಿಕ್ಸ್ ಬಾಟಲಿ ತೆಗೆದು, ಅದರೊಳಗಿನ ನೂರಾರು ಬಳೆಗಳನ್ನು ಪೇಪರಿನ ಮೇಲೆ ಸುರಿದು, ಬೆರಳಿನಿಂದ ಸರಿಸಿ ಸರಿಸಿ ಒಂದನ್ನು ಆರಿಸಿದರು. ಕೂರಿಸಿದರು. ಮತ್ತೆ ನೊರೆ ಸವರಿದರು. ಗುಳ್ಳೆ ಬರಲಿಲ್ಲ. ‘ಇದು ಕಂಪನಿ ಮಾಲ್ ಅಲ್ಲ. ಭಾನುವಾರ ತಡೀತದೆ, ಆಮೇಲೆ ಹೊಸದು ತರಿಸಿ.’ ಪಿಸ್ತೂಲನ್ನು ಒರೆಸಿ ಕೊಡುವಾಗ ಹೇಳಿದರು, ‘ಮಗೂಗೆ ಹೇಳಿಬಿಡಿ ಸಾಬ್, ಇಷ್ಟು ದಿನ ಹೊಡೆದಿದ್ದು ಲೆಕ್ಕಕ್ಕಿಲ್ಲ ಅಂತ. ಅಮ್ಮಾಜಾನ್‌ಗೂ ನನ್ನ ಸಲಾಂ ಹೇಳಿ.’

ಮನೆಯ ಬೀದಿಗೆ ಬರುವಾಗ ನಾಲ್ಕು ಗಂಟೆ. ಮುನಿಕೃಷ್ಣಪ್ಪ ನೀರು ಬಿಡುತ್ತಿದ್ದರು. ಈಚೆಗೆ ಅವರು ಪೈಪು ಹಿಡಿಯುವಾಗಲೂ ತುಂಬುತೋಳಿನ ಷರಟು ಹಾಕಿ, ಕತ್ತಿನವರೆಗೆ ಗುಂಡಿ ಹಾಕಿಕೊಳ್ಳುತ್ತಿದ್ದರು. ವಯಸ್ಸಾಯಿತು, ಚಳಿ ತಡೆಯುವುದಿಲ್ಲ ಎಂದು ನಾಗಭೂಷಣ ಅಂದುಕೊಂಡಿದ್ದ. ಮೆಟ್ಟಿಲ ಮೇಲೆ ಮಗಳು ಬಾಟಲಿಯಿಲ್ಲದೆ, ಬ್ಯಾಂಡೇಜಿಲ್ಲದೆ ಸುಮ್ಮನೆ ಕೂತಿದ್ದಳು. ಅದೇ ಅವನಿಗೆ ಹೆಚ್ಚು ಭಯ ಹುಟ್ಟಿಸಿತು. ಬಸ್ಸಿನಲ್ಲಿ ಸಿದ್ಧಮಾಡಿಕೊಂಡು ಬಂದ ಮಾತನ್ನು ಅವನು ನಿಂತಲ್ಲೇ ಹೇಳಿಬಿಟ್ಟ.

‘ಇಂದು, ರಿಪೇರಿ ಆಯ್ತು. ಒಳಗಿನ ರಬ್ಬರ್ ಹೋಗಿತ್ತು. ಕಂಪನಿಯದೇ ತಪ್ಪು, ತಯಾರಿಸುವಾಗಲೇ ದೋಷ. ನಿನ್ನ ಕೈಯದೇನಿಲ್ಲ.’

ಅವಳ ಮುಖದಲ್ಲಿ ಬೆಳಕು ಬಂತು, ಬಂದದ್ದು ಅರ್ಧಕ್ಕೇ ನಿಂತಿತು. ಪಿಸ್ತೂಲಿನ ಜೊತೆ ಬಂದ ಪುಸ್ತಕವನ್ನು ಅವಳು ಗಣಿತಕ್ಕಿಂತ ಚೆನ್ನಾಗಿ ಓದಿದ್ದಳು. ‘ಹೊಸ ರಬ್ಬರ್ ಸುಮ್ಮನೆ ಹೋಗಲ್ಲ ಅಪ್ಪ. ಗಾಳಿ ಚಾರ್ಜ್ ಮಾಡಿ ಹಾಗೇ ಇಟ್ರೆ ಹೋಗತ್ತೆ ಅಂತ ಹನ್ನೆರಡನೇ ಪೇಜಲ್ಲಿದೆ.’ ‘ಎಕ್ಸಾಮ್ ಹಿಂದಿನ ದಿನ ಒಳಗಿಟ್ಟಿದ್ದು ನಾನೇ. ಮರೆತು ಇಟ್ಬಿಟ್ಟಿದೀನಿ. ನಾನೇ ಹಾಳು ಮಾಡಿದ್ದು.’ ‘ಇಷ್ಟೂ ನೆನಪಿರದೋಳು ಹೋಗಿ ಏನ್ ಮಾಡ್ಲಿ ಅಲ್ಲಿ? ಸಂಗಪ್ಪ ಸರ್ ಹೇಳಿದ್ದು ಸರಿ.’

ನಿನ್ನ ತೊಂದರೆ ನನಗೆ ಅರ್ಥವಾಗತ್ತೆ ಎಂಬ ವಾಕ್ಯ ಅವನ ನಾಲಗೆಯ ತುದಿಗೆ ಬಂದು ನಿಂತಿತು. ಹನ್ನೊಂದು ವರ್ಷ ಅದು ಹೀಗೇ ಬಂದಿತ್ತು. ಅವನು ಅದನ್ನು ನುಂಗಿದ.

‘ನೀನಲ್ಲ. ನಾನು ಇಟ್ಟಿದ್ದು. ನೀನಿಟ್ಟ ಮಾರನೇ ದಿನ. ನಾನೇ ತೆಗೆದು, ಗಾಳಿ ತುಂಬ್ಸಿ, ಹಾಗೇ ಇಟ್ಟೆ.’

‘ನೀನಾ? ಯಾಕೆ?’

ಅವನು ಬ್ಯಾಗನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ.

‘ಯಾವುದಕ್ಕೆ ಗುರಿಯಿಟ್ಟೆ ಅಪ್ಪ?’

ದಾಸವಾಳದ ಹತ್ತಿರ ನೀರಿನ ಸದ್ದು ನಿಂತಿತು. ಮುನಿಕೃಷ್ಣಪ್ಪ ಪೈಪನ್ನು ಮಡಿಸಿ ಹಿಡಿದಿದ್ದರು.

‘ನನ್ ಮ್ಯಾಗೆ ಕಣವ್ವ,’ ಎಂದರು.

ನಾಗಭೂಷಣ ಅವರ ಕಡೆ ತಿರುಗಿದ. ಇವರಿಗೆ ಗೊತ್ತಿತ್ತು. ಅಷ್ಟೂ ದಿನ, ಎದುರು ಸಿಕ್ಕಾಗ ನಮಸ್ಕಾರ ಮಾಡುವಾಗ, ಕಸದ ಗಾಡಿಯ ಹತ್ತಿರ, ಇವರಿಗೆ ಗೊತ್ತಿತ್ತು.

‘ತಲೆ ಎತ್ತಿ ನೋಡ್ತೀನಿ, ಕಿಟಕೀಲಿ ಇಂಗೆ ಇಡ್ಕಂಡು ನಿಂತವ್ರೆ,’ ಎಂದು ಮುನಿಕೃಷ್ಣಪ್ಪ ಪೈಪಿನ ಬಾಯನ್ನೇ ಎರಡು ಕೈಯಲ್ಲಿ ಹಿಡಿದು ತೋರಿಸಿದರು. ‘ಓಡೋಣ ಅಂದ್ರೆ ಮಂಡಿ ನೋವು. ಕೂಗೋಣ ಅಂದ್ರೆ ಎದುರುಮನೆಯೋರು ನೋಡ್ತಾರೆ, ಬಾಡ್ಗೆಯೋನಿಗೆ ಎದರ್ಕಂಡ ಅಂತಾರೆ. ಒಡುದ್ರೆ ಒಡೀಲಿ ಅಂತ ನೀರ್ ಬಿಡ್ತಾ ನಿಂತ್ಕಂಡೆ. ಆದ್ರೆ ಬನೀನ್‌ನಾಗೆ ತೂತಿತ್ತು ಕಣವ್ವ. ತೂತಿರೋ ಬನೀನ್ನಾಗೆ ಸತ್ತು ಬಿದ್ರೆ ನಾಕ್ ಜನ ಏನಂತಾರೆ? ಅವತ್ತಿಂದ ಷರಟು ಆಕ್ಕಂಡೇ ಬರ್ತೀನಿ.’

‘ಮತ್ತೆ ಯಾಕೆ ಒಂದು ಮಾತೂ ಕೇಳ್ಲಿಲ್ಲ ನೀವು?’ ಎಂದ ನಾಗಭೂಷಣ.

‘ನೀವೂ ಏಳ್ಲಿಲ್ಲವಲ್ರೀ.’

ಇಂದು ಎದ್ದು ನಿಂತಿದ್ದಳು. ‘ಗುಂಡು ಹಾಕಿದ್ಯಾ?’

‘ಇಲ್ಲ.’ ಇಡೀ ದಿನದಲ್ಲಿ ಅವನು ಹೇಳಿದ ಈ ಒಂದು ‘ಇಲ್ಲ’ ನಿಜವಾಗಿತ್ತು. ಕೇಳಲು ಮಾತ್ರ ಉಳಿದವುಗಳ ಹಾಗೆಯೇ ಇತ್ತು.

‘ಖಾಲಿ ಇದ್ರೂ ಮನುಷ್ಯರ ಕಡೆ ತೋರಿಸ್ಬಾರ್ದು. ಮೊದಲ್ನೇ ದಿನಾನೇ ಹೇಳ್ಕೊಡ್ತಾರೆ.’

‘ನನಗೆ ಗೊತ್ತಿರ್ಲಿಲ್ಲ.’

‘ಇದು ಹೇಳ್ಕೊಡಬೇಕಾ ಅಪ್ಪ?’

ಅವನು ತಲೆ ತಗ್ಗಿಸಿದ. ಒದ್ದೆ ಡಾಂಬರಿನಲ್ಲಿ ಮೂವರ ನೆರಳೂ ಅಲ್ಲಾಡುತ್ತಿದ್ದವು. ಇನ್ನೂ ಏನೋ ಬರುತ್ತದೆ, ಬರಬೇಕು ಎಂದು ಅವನು ಕಾದ. ಬಂದದ್ದು ಮುನಿಕೃಷ್ಣಪ್ಪನವರ ದನಿ, ತೀರ ಕುತೂಹಲದ್ದು: ‘ಗುಂಡು ಆಕಿದ್ರೆ ತಾಕ್ತಿತ್ತೇನವ್ವ?’

ಇಂದು ಕಿಟಕಿಯನ್ನು ನೋಡಿದಳು, ದಾಸವಾಳವನ್ನು ನೋಡಿದಳು. ‘ಎರಡು ಕೈಯಲ್ಲಿ ಹಿಡಿದಿದ್ರಾ ಓನರ್ ತಾತ?’

‘ಎರಡು ಕೈಯಾಗೂ. ನಡುಗ್ತಿತ್ತು. ಮಕ ಕೆಂಪಗಾಗಿತ್ತು.’

‘ಉಸಿರು ಬಿಗಿಹಿಡಿದಿದ್ದ ಹಾಗಾದ್ರೆ. ತಾಕ್ತಿರ್ಲಿಲ್ಲ. ಗಿಡಕ್ಕೆ ಹೋಗ್ತಿತ್ತು.’

‘ಗಿಡಕ್ಕಾ?’ ಮುನಿಕೃಷ್ಣಪ್ಪನವರ ಮುಖ ಸ್ವಲ್ಪ ಇಳಿಯಿತು. ‘ಸುಮ್ಕೆ ಇಷ್ಟು ದಿನ ಷರಟು ಒಗುಸ್ದೆ.’

ಇಂದು ತಂದೆಯ ಕೈಯಿಂದ ಬ್ಯಾಗನ್ನು ತೆಗೆದುಕೊಂಡಳು. ಹಾಗೆ ತೆಗೆದುಕೊಳ್ಳುವಾಗ ಅವನ ಮುಖ ನೋಡಲಿಲ್ಲ. ಮೆಟ್ಟಿಲು ಹತ್ತಿ, ತಿರುವಿನಲ್ಲಿ ನಿಂತು, ತನ್ನ ಬಲಗೈಯನ್ನು ಒಮ್ಮೆ ಬಿಡಿಸಿ ಮಡಿಸಿ ನೋಡಿಕೊಂಡಳು. ‘ಹಾಗಾದ್ರೆ ಇದು ಸರಿಯಾಗಿದೆ,’ ಎಂದಳು, ಯಾರಿಗೂ ಅಲ್ಲ. ಚಪ್ಪಲಿಯ ಸದ್ದು ತಾರಸಿಯವರೆಗೂ ಓಡಿತು. ಅಲ್ಲಿ ನೀರಿನ ಟ್ಯಾಂಕಿನ ಗೋಡೆಗೆ ಹಲಗೆಯ ಮೇಲೆ ಕಾಗದ ಅಂಟಿಸಿ ಅವಳು ಅಭ್ಯಾಸ ಮಾಡುವ ಜಾಗವಿತ್ತು.

ಇಬ್ಬರು ಗಂಡಸರೂ ಕೆಳಗೆ ಉಳಿದರು. ಹೇಳಬೇಕಾದ ಕ್ಷಮೆಯನ್ನು ನಾಗಭೂಷಣ ಎಲ್ಲಿಂದ ಶುರುಮಾಡುವುದೆಂದು ಹುಡುಕುತ್ತಿದ್ದ. ಮುನಿಕೃಷ್ಣಪ್ಪ ಕತ್ತಿನ ಗುಂಡಿ ಬಿಚ್ಚಿ, ಆಮೇಲೆ ಅದರ ಕೆಳಗಿನದು, ಆಮೇಲೆ ಎಲ್ಲವನ್ನೂ ಬಿಚ್ಚಿ, ಷರಟನ್ನು ಗೇ‌ಟಿಗೆ ನೇತುಹಾಕಿದರು. ಅದೇ ಬನೀನು. ತೂತು ಈಗ ಎರಡು ರೂಪಾಯಿಯಷ್ಟಾಗಿತ್ತು. ‘ತಪ್ಪಾಯ್ತು’ ಎಂದು ನಾಗಭೂಷಣ ಬಾಯಿ ತೆರೆದ ಕ್ಷಣದಲ್ಲೇ ಮೇಲಿನಿಂದ ಬಂತು: ಚಟ್! ಒಣಗಿದ ಕಡ್ಡಿ ಮುರಿದ ಹಾಗೆ, ಚೊಕ್ಕ. ಇಬ್ಬರೂ ಒಟ್ಟಿಗೇ ತಲೆ ಬಗ್ಗಿಸಿ ಗಿಡದ ಮರೆಗೆ ಕುಕ್ಕರಿಸಿದರು.

ಮತ್ತೆ ಚಟ್. ಮೇಲೆ ಹುಡುಗಿ ಏನೋ ಕೂಗಿದಳು, ಖುಷಿಯ ಕೂಗು. ಮಡಿಸಿದ ಪೈಪು ಕೈತಪ್ಪಿ ಇಬ್ಬರ ಕಾಲಿನ ಮೇಲೂ ನೀರು ಹರಿಯುತ್ತಿತ್ತು.

‘ಫ್ಲಶ್ಷು ಇನ್ನೂ ಸೋರ್ತಾನೇ ಐತಲ್ರೀ,’ ಎಂದರು ಮುನಿಕೃಷ್ಣಪ್ಪ, ಕುಕ್ಕರಿಸಿದಲ್ಲಿಂದಲೇ, ಈ ಸಲ ಮೆಲ್ಲಗೆ.

ನಾಗಭೂಷಣ ಅವರ ಮುಖ ನೋಡಿದ. ಅವನಿಗೇ ತಿಳಿಯದೆ ದನಿ ತಗ್ಗಿತು.

‘ನಾವು ನಾಮಕರಣಕ್ಕೆ ಹೋದಾಗ ಅದನ್ನ ನೀವು ಬಿಚ್ಚಿದ್ರಾ?’

ದಾಸವಾಳದ ಎಲೆಯಿಂದ ಒಂದು ಹನಿ ಬಿತ್ತು, ಆಮೇಲೆ ಇನ್ನೊಂದು.

‘ಇಲ್ಲ ಕಣ್ರೀ,’ ಎಂದರು ಮುನಿಕೃಷ್ಣಪ್ಪ. ‘ಮುಟ್ಟೇ ಇಲ್ಲ.’